ಬೋಯ್ ಹಾಕುತ್ತಿದ್ದ ಹಡಗು ಪಾಠ ಹೇಳಲು ನಿಂತದ್ದು

ಹಾಸನದಲ್ಲಿ ಫಿಟ್ಟರ್ ಟ್ರೇಡಿನ ಹುಡುಗರಿಗೆ ಕೆಲಸ ಕಲಿಸುವ ನಾನು ಐರನ್‌ವುಡ್ ಎಂಬ ಹಡಗಿನ ಸುದ್ದಿ ಎತ್ತದೆ ಯಾವ ಬ್ಯಾಚನ್ನೂ ಕಳಿಸಿಕೊಟ್ಟಿಲ್ಲ. ದೊಡ್ಡ ಹಡಗೇನಲ್ಲ ಅದು. ಉದ್ದ 180 ಅಡಿ, ಅಗಲ 37 ಅಡಿ. ನಾನು ಕೆಲಸ ಮಾಡಿದ ಸರಕು ಹಡಗುಗಳ ಪಕ್ಕದಲ್ಲಿ ನಿಲ್ಲಿಸಿದರೆ ಕಣ್ಣಿಗೇ ಬೀಳದು. 1943ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಸೇರಿ 2000ದವರೆಗೆ ಬೋಯ್ ಹಾಕುವ, ಎತ್ತುವ, ರಿಪೇರಿ ಮಾಡುವ ಕೆಲಸ ಮಾಡಿತು. ಅಷ್ಟು ವರ್ಷ ದುಡಿದ ಮೇಲೆ ನೇರ ಗುಜರಿಗೆ ಹೋಗುವ ಬದಲು ಬಡ ಮನೆಯ ಹುಡುಗ ಹುಡುಗಿಯರಿಗೆ ನಾವಿಕರ ಕೆಲಸ ಕಲಿಸುವ ತರಬೇತಿ ಹಡಗಾಯಿತು. ಕಡಲಿನಿಂದ ಘಟ್ಟದ ಮೇಲಿರುವ ನಮ್ಮೂರಿನ ಹುಡುಗರಿಗೆ ಅದರ ಕತೆ ಯಾಕೆ ಬೇಕು ಎಂದು ಕೇಳಿದವರಿದ್ದಾರೆ. ಬೇಕು ಎನ್ನುವುದಕ್ಕೇ ಈ ಬರಹ.

ಬೋಯ್ ಅಂದರೆ ನೀರಿನ ಮೇಲೆ ತೇಲುವ ದಾರಿಗುರುತು. ಹೊರಗಡಲಿನಿಂದ ಬಂದರಿಗೆ ಬರುವ ಹಡಗಿಗೆ ನೀರೆಲ್ಲ ಒಂದೇ ಥರ ಕಾಣುತ್ತದೆ. ಎಲ್ಲಿ ಆಳವಿದೆ, ಎಲ್ಲಿ ಮರಳದಿಬ್ಬ ಎದ್ದಿದೆ, ಎಲ್ಲಿ ಬಂಡೆ ಅಡಗಿದೆ ಎಂದು ಕಣ್ಣಿಗೆ ತಿಳಿಯದು. ಹೂಳೆತ್ತಿ ಆಳ ಮಾಡಿದ ಕಾಲುವೆಯ ಎರಡು ಅಂಚಿಗೂ ಬೋಯ್‌ಗಳನ್ನು ನಿಲ್ಲಿಸುತ್ತಾರೆ. ಅವುಗಳ ನಡುವೆ ಬಂದರೆ ಹಡಗು ಕ್ಷೇಮ. ನಮ್ಮಲ್ಲಿ ಸಮುದ್ರದಿಂದ ಒಳಗೆ ಬರುವಾಗ ಕೆಂಪು ಬೋಯ್ ಎಡಕ್ಕಿರಬೇಕು, ಹಸಿರು ಬಲಕ್ಕೆ. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್ ಕಡೆ ಇದು ತಿರುಗಮುರುಗ. ಬಣ್ಣದ ಜೊತೆಗೆ ಆಕಾರವೂ, ರಾತ್ರಿ ಮಿನುಗುವ ದೀಪದ ಲಯವೂ ಬೇರೆ ಬೇರೆ. ಕೆಲವಕ್ಕೆ ಗಂಟೆ ಇರುತ್ತದೆ, ಅಲೆ ತೂಗಿದಂತೆ ತಾನಾಗಿ ಬಾರಿಸುತ್ತದೆ.

ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಶಿರಾಡಿ ಘಾಟಿ ಇಳಿಯುವ ಲಾರಿಗಳನ್ನು ದಿನವೂ ನೋಡುವವರು ನಾವು. ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹಸನಾದ ಬೀಜ ಹಡಗು ಹತ್ತುವುದೂ ಇಂಥ ಬೋಯ್‌ಗಳ ನಡುವೆ ಹಾದುಹೋಗಲಿಕ್ಕೇ. ಕುದುರೆಮುಖದ ಕಬ್ಬಿಣದ ಅದಿರು ನೀರಿನೊಂದಿಗೆ ಕೆಸರಾಗಿ 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿದ್ದ ಕಾಲವಿತ್ತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಅದಿರು ಹೊತ್ತ ಹಡಗುಗಳು ನವಮಂಗಳೂರು ಬಂದರಿನ ಕಾಲುವೆಯಲ್ಲಿ ಕೆಂಪು ಹಸಿರು ನೋಡಿಕೊಂಡೇ ಹೊರಟವು. ಬಾಬಾ ಬುಡನ್ ತಂದರೆಂದು ನಾವು ನಂಬುವ ಏಳು ಬೀಜಗಳೂ ಕಡಲು ದಾಟಿಯೇ ಗಿರಿ ಹತ್ತಿದ್ದು. ನಮ್ಮ ಬದುಕಿನಲ್ಲಿ ಕಡಲು ಇಷ್ಟೊಂದು ಇದೆ. ಆದರೆ ಕಡಲಿನ ಕೆಲಸದಲ್ಲಿ ನಮ್ಮವರು ಎಷ್ಟು ಜನ?

ಐರನ್‌ವುಡ್‌ನ ಸೋದರ ಹಡಗುಗಳ ಹುಟ್ಟೂರನ್ನು ಹೇಳಿದಾಗ ಹುಡುಗರು ಕಿವಿ ನಿಮಿರಿಸುತ್ತಾರೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಿಂದ 1944ರ ನಡುವೆ, ಈ ನಮೂನೆಯ 39 ಹಡಗುಗಳನ್ನು ಕಟ್ಟಿದರು. ಐರನ್‌ವುಡ್ ಒಂದನ್ನು ಮೇರಿಲ್ಯಾಂಡಿನ ಕರ್ಟಿಸ್ ಬೇಯಲ್ಲಿರುವ ಕೋಸ್ಟ್ ಗಾರ್ಡ್ ಯಾರ್ಡ್‌ನಲ್ಲಿ ಕಟ್ಟಿದ್ದು. ಮಿಕ್ಕ 38 ಹಡಗುಗಳೂ ಮಿನೆಸೋಟದ ಡುಲುತ್ ಎಂಬ ಊರಿನಲ್ಲಿ ತಯಾರಾದವು. ಡುಲುತ್ ಇರುವುದು ಸುಪೀರಿಯರ್ ಸರೋವರದ ಪಶ್ಚಿಮದ ತುದಿಯಲ್ಲಿ. ಅಟ್ಲಾಂಟಿಕ್ ಅಲ್ಲಿಂದ 2,000 ಮೈಲಿಗೂ ದೂರ. ಉಪ್ಪುನೀರಿನ ವಾಸನೆಯೇ ಇಲ್ಲದ ಊರಿನ ವೆಲ್ಡರ್‌ಗಳು, ಫಿಟ್ಟರ್‌ಗಳು ಪೆಸಿಫಿಕ್‌ಗೂ ಅಟ್ಲಾಂಟಿಕ್‌ಗೂ ಹೋಗುವ ಹಡಗು ಕಟ್ಟಿದರು. ಎಲ್ಲಕ್ಕೂ ಗಿಡಮರಗಳ ಹೆಸರು: ಕ್ಯಾಕ್ಟಸ್, ಮೆಸ್ಕೀಟ್, ಸನ್‌ಡ್ಯೂ, ಬ್ರಾಂಬಲ್, ಸ್ಯಾಸಫ್ರಾಸ್.

ಈಗ ಕೆಲಸಕ್ಕೆ ಬರುತ್ತೇನೆ. ನನಗೆ ಪ್ರೀತಿಯಿರುವುದು ಅದರ ಮೇಲೆ.

ಬೋಯ್ ಹಾಕುವ ಹಡಗಿನ ಮುಂಭಾಗದಲ್ಲಿ ನೀರಿಗೆ ಬಹಳ ಹತ್ತಿರವಾದ, ತಗ್ಗಾದ, ಅಗಲವಾದ ಡೆಕ್ ಇರುತ್ತದೆ. ಅದರ ಮೇಲೆ 20 ಟನ್ ಎತ್ತಬಲ್ಲ ಬೂಮ್, ಅಂದರೆ ಕ್ರೇನಿನಂಥ ತೋಳು. ಹಡಗು ಗಾಳಿ, ಸೆಳವು ಎರಡನ್ನೂ ಲೆಕ್ಕ ಹಾಕಿ ನಿಧಾನ ಬೋಯ್ ಪಕ್ಕಕ್ಕೆ ಬರಬೇಕು. ಸ್ವಲ್ಪ ಜಾಸ್ತಿಯಾದರೆ ಬೋಯ್ ಮೇಲೇ ಹತ್ತುತ್ತದೆ, ಸರಪಳಿ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಮುಗಿದೇ ಹೋಯಿತು. ಈ ಹಡಗುಗಳಲ್ಲಿ ಡೀಸೆಲ್ ಎಂಜಿನ್ ನೇರ ಪ್ರೊಪೆಲ್ಲರ್ ತಿರುಗಿಸುವುದಿಲ್ಲ. ಎರಡು ಡೀಸೆಲ್ ಎಂಜಿನ್‌ಗಳು ಜನರೇಟರ್ ತಿರುಗಿಸುತ್ತವೆ, ಆ ಕರೆಂಟಿನಿಂದ ಒಂದು ದೊಡ್ಡ ಮೋಟಾರ್, ಆ ಮೋಟಾರಿನಿಂದ ಒಂದೇ ಒಂದು ಪ್ರೊಪೆಲ್ಲರ್. ವೇಗ ಕಡಿಮೆ. ಆದರೆ ಅಡಿಯಷ್ಟು ಮುಂದೆ, ಅಡಿಯಷ್ಟು ಹಿಂದೆ ಸರಿಯುವ ನಯ ಅದರಲ್ಲಿತ್ತು.

ಬೋಯ್ ಪಕ್ಕಕ್ಕೆ ಬಂದ ಮೇಲೆ ಡೆಕ್ಕಿನವರು ಕೊಕ್ಕೆ ಹಾಕುತ್ತಾರೆ. ಐದಾರು ಟನ್ ತೂಕದ ಕಬ್ಬಿಣ ಗಾಳಿಯಲ್ಲಿ ಎದ್ದಾಗ ಹಡಗು ಅತ್ತ ವಾಲುತ್ತದೆ, ಅಲೆ ಬಂದರೆ ಬೋಯ್ ತೂಗಾಡುತ್ತದೆ. ನಾಲ್ಕು ಕಡೆಯಿಂದ ಹಗ್ಗ ಹಾಕಿ ಅದನ್ನು ಅಲುಗದಂತೆ ಹಿಡಿದು ಡೆಕ್ಕಿಗೆ ಇಳಿಸಿ ಬಿಗಿಯಬೇಕು. ಆಮೇಲೆ ಸರಪಳಿ ಎಳೆಯುತ್ತಾರೆ. ಬೋಯ್ ಮೈತುಂಬ ಕಪ್ಪೆಚಿಪ್ಪು, ಪಾಚಿ, ಜೀವಂತ ಹುಳುಹುಪ್ಪಟೆ. ಅದರ ನಾತ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ. ಎಲ್ಲವನ್ನೂ ಕೆರೆದು, ತೊಳೆದು, ಬಣ್ಣ ಬಳಿದು, ದೀಪದ ಬ್ಯಾಟರಿ ನೋಡಿ, ಸರಪಳಿಯ ಕೊಂಡಿಗಳಿಗೆ ಕ್ಯಾಲಿಪರ್ ಹಿಡಿದು ದಪ್ಪ ಅಳೆಯುತ್ತಾರೆ.

ಸರಪಳಿ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಬೋಯ್‌ಗೆ ಕಟ್ಟಿದ ಮೇಲಿನ ಭಾಗ ನೀರಿನಲ್ಲಿ ತೂಗುತ್ತಿರುತ್ತದೆ. ಕೆಳಗೆ ಬೋಯನ್ನು ಹಿಡಿದಿಡುವ ಕಾಂಕ್ರೀಟ್ ಗುಂಡಿನ ಭಾರಕ್ಕೆ ಕಟ್ಟಿದ ಭಾಗ ತಳದಲ್ಲಿ ಮಲಗಿರುತ್ತದೆ. ನಡುವಿನ ಒಂದಷ್ಟು ಉದ್ದ ಮಾತ್ರ ಪ್ರತಿ ಅಲೆಗೂ ಎದ್ದು ಪ್ರತಿ ಅಲೆಗೂ ಬಿದ್ದು ಮರಳು ಕಲ್ಲಿಗೆ ತಿಕ್ಕುತ್ತಲೇ ಇರುತ್ತದೆ. ಹೆಬ್ಬೆರಳಿಗಿಂತ ದಪ್ಪವಿದ್ದ ಕೊಂಡಿ ತೆಳ್ಳಗಾಗುತ್ತಾ ಬರುತ್ತದೆ. ಅಳತೆ ಕಡಿಮೆಯಾಗಿದ್ದರೆ ಆ ತುಂಡು ಕತ್ತರಿಸಿ ಹೊಸದು ಸೇರಿಸಬೇಕು. ಸೇರಿಸದೆ ಬಿಟ್ಟರೆ ಯಾವುದೋ ಬಿರುಗಾಳಿಯ ರಾತ್ರಿ ಬೋಯ್ ಕಿತ್ತುಕೊಂಡು ಎಲ್ಲೆಲ್ಲೋ ತೇಲುತ್ತದೆ. ಇಲ್ಲದ ಬೋಯ್‌ಗಿಂತ ಜಾಗ ತಪ್ಪಿದ ಬೋಯ್ ಅಪಾಯ. ಅದನ್ನು ನಂಬಿ ಬರುವ ಹಡಗು ನೇರ ದಿಬ್ಬಕ್ಕೇ ಹೋಗುತ್ತದೆ.

ಹೊಸ ತುಂಡು ಸೇರಿಸುವ ಬಗೆಯನ್ನು ಕೇಳಿದಾಗ ನನಗೆ ನಮ್ಮೂರ ಕುಲುಮೆಯಲ್ಲಿ ಎತ್ತಿನ ಗಾಡಿ ಚಕ್ರಕ್ಕೆ ಕಾದ ಪಟ್ಟಾ ಹೊಡೆದು ಕೂರಿಸುತ್ತಿದ್ದುದು ಹಾಗೇ ಕಣ್ಣಿಗೆ ಕಟ್ಟಿತು. ಎರಡು ತುಂಡು ಸೇರಿಸುವ ಬಾಯಿ ತೆರೆದ ಕೊಂಡಿಗೆ, ಅಂದರೆ ಶ್ಯಾಕಲ್ಲಿಗೆ, ಪಿನ್ ತೂರಿಸಿ, ಅದರ ತುದಿಯನ್ನು ಗ್ಯಾಸ್ ಟಾರ್ಚಿನಲ್ಲಿ ಕೆಂಡದಂತೆ ಕಾಯಿಸಿ, ಇಬ್ಬರು ಎದುರುಬದುರು ನಿಂತು ಸಮ್ಮಟಿಗೆಯಲ್ಲಿ ಒಬ್ಬರಾದ ಮೇಲೊಬ್ಬರು ಹೊಡೆದು ತುದಿ ಅಣಬೆಯಂತೆ ಅರಳಿ ಮುಚ್ಚಿಕೊಳ್ಳುವ ತನಕ ಬಿಡುವುದಿಲ್ಲ. ನಟ್ಟು ಬೋಲ್ಟು ಹಾಕಿದರೆ ಸಮುದ್ರ ಅದನ್ನು ಬಿಚ್ಚಿಬಿಡುತ್ತದೆ. ಹೊಡೆದು ಮುಚ್ಚಿದ್ದು ಬಿಚ್ಚುವುದಿಲ್ಲ. ಅಲುಗುವ ಡೆಕ್ಕಿನ ಮೇಲೆ, ಮಳೆಯಲ್ಲಿ, ಎದುರಿಗಿರುವವನ ಕೈಗೆ ಪೆಟ್ಟು ಬೀಳದಂತೆ ಲಯ ಹಿಡಿದು ಹೊಡೆಯುವುದು ಒಂದು ವಿದ್ಯೆ. ಅದನ್ನು ಪುಸ್ತಕದಿಂದ ಕಲಿತವರನ್ನು ನಾನು ಕಂಡಿಲ್ಲ.

ಬೋಯನ್ನು ಮತ್ತೆ ನೀರಿಗಿಳಿಸುವ ಮೊದಲು ಜಾಗ ಗೊತ್ತಾಗಬೇಕು. ಜಿಪಿಎಸ್ ಬರುವ ಮುಂಚೆ ದಡದ ಮೇಲಿನ ಮೂರು ಗುರುತುಗಳನ್ನು, ಅಂದರೆ ಒಂದು ದೀಪಸ್ತಂಭ, ಒಂದು ಗೋಪುರ, ಒಂದು ನೀರಿನ ಟ್ಯಾಂಕು ಹೀಗೆ ನಕ್ಷೆಯಲ್ಲಿ ಇರುವುದನ್ನು ಆರಿಸಿಕೊಂಡು, ಅವುಗಳ ನಡುವಿನ ಕೋನವನ್ನು ಸೆಕ್ಸ್‌ಟಂಟಿನಲ್ಲಿ ಅಳೆದು, ಮೂರು ತೋಳಿನ ಕೋನಮಾಪಕವನ್ನು ನಕ್ಷೆಯ ಮೇಲಿಟ್ಟು ತಾವಿರುವ ಬಿಂದುವನ್ನು ಹಿಡಿಯುತ್ತಿದ್ದರು. ಹಡಗು ನಿಂತ ಕಡೆ ನಿಲ್ಲದು, ಕೋನಗಳು ಬದಲಾಗುತ್ತಲೇ ಇರುತ್ತವೆ. ಸರಿಯಾದ ಕ್ಷಣ ಬಂದಾಗ ಮೇಲಿನಿಂದ ಕೂಗು. ಡೆಕ್ಕಿನ ಮೇಲೆ ಒಬ್ಬ ಸರಪಳಿಯನ್ನು ತಡೆದು ಹಿಡಿದಿದ್ದ ಸ್ಟಾಪರ್ ತಟ್ಟಿ ಬಿಡಿಸುತ್ತಾನೆ. ಅಂಚಿನಲ್ಲಿ ತೂಗುತ್ತಿದ್ದ ಕಾಂಕ್ರೀಟ್ ಗುಂಡು ನೀರಿಗೆ ಬೀಳುತ್ತದೆ, ಅದರ ಹಿಂದೆ ಸರಪಳಿ ಕಿಡಿ ಕಾರುತ್ತಾ ಡೆಕ್ ನಡುಗಿಸುತ್ತಾ ಓಡುತ್ತದೆ. ಆ ಸರಪಳಿಯ ಸುರುಳಿಯೊಳಗೆ ಕಾಲಿಟ್ಟವನ ಕತೆ ಅಲ್ಲಿಗೆ ಮುಗಿದಂತೆ. ಹಾಗಾಗಿ ಯಾವ ಹೊಸಬನಿಗೂ ಮೊದಲ ಪಾಠ ಎಲ್ಲಿ ನಿಲ್ಲಬಾರದು ಎನ್ನುವುದೇ.

ಈ ಕೆಲಸ ಮಾಡಿದ ಹಡಗುಗಳೇ ದಾರಿಯಲ್ಲಿ ಮುಳುಗಿದ್ದೂ ಇದೆ. 1980ರ ಜನವರಿ 28ರ ರಾತ್ರಿ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ಬ್ಲ್ಯಾಕ್‌ಥಾರ್ನ್ ಎಂಬ ಇದೇ ನಮೂನೆಯ ಹಡಗಿಗೂ ಕ್ಯಾಪ್ರಿಕಾರ್ನ್ ಎಂಬ ಟ್ಯಾಂಕರಿಗೂ ಡಿಕ್ಕಿಯಾಯಿತು. ಟ್ಯಾಂಕರಿನ ಲಂಗರು ಬ್ಲ್ಯಾಕ್‌ಥಾರ್ನ್‌ನ ಪಕ್ಕೆಗೆ ಕಚ್ಚಿಕೊಂಡಿತು. ಸರಪಳಿ ಬಿಗಿಯುತ್ತಿದ್ದಂತೆ ಹಡಗನ್ನೇ ಮಗುಚಿ ಹಾಕಿತು. 23 ಜನ ಸತ್ತರು. ವಿಲಿಯಂ ಫ್ಲೋರೆಸ್ ಎಂಬ 18 ವರ್ಷದ ಹುಡುಗ ಅದರಲ್ಲಿದ್ದ. ತರಬೇತಿ ಮುಗಿಸಿ ವರ್ಷ ತುಂಬಿರಲಿಲ್ಲ, ಡೆಕ್ಕಿನ ಕೆಲಸದಲ್ಲಿ ಇನ್ನೂ ಅಪ್ರೆಂಟಿಸ್. ಹಡಗು ವಾಲುತ್ತಿರುವಾಗ ಲೈಫ್ ಜಾಕೆಟ್ ಪೆಟ್ಟಿಗೆಯ ಬಾಗಿಲು ಮುಚ್ಚಿಕೊಳ್ಳದಂತೆ ತನ್ನ ಸೊಂಟದ ಬೆಲ್ಟ್ ಬಿಚ್ಚಿ ಕಟ್ಟಿ ನಿಲ್ಲಿಸಿದ, ನೀರಿಗೆ ಬಿದ್ದವರಿಗೆ ಜಾಕೆಟ್ ಸಿಗುವಂತೆ ಮಾಡಿದ, ಒಳಗೆ ಸಿಕ್ಕಿಕೊಂಡವರ ಕಡೆಗೆ ಹೋದವನು ಬರಲಿಲ್ಲ. ಇಪ್ಪತ್ತು ವರ್ಷದ ಮೇಲೆ, 2000ದಲ್ಲಿ, ಅವನಿಗೆ ಕೋಸ್ಟ್ ಗಾರ್ಡ್ ಪದಕ ಬಂತು. ಈಗ ಅವನ ಹೆಸರಿನ ಒಂದು ಹಡಗೂ ಇದೆ. ನನ್ನ ಹುಡುಗರ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಅವನ ಕತೆ ಹೇಳುವಾಗ ನನ್ನ ಗಂಟಲು ಈಗಲೂ ಕಟ್ಟುತ್ತದೆ.

ಇನ್ನೊಂದು ಮೆಸ್ಕೀಟ್. 1989ರ ಡಿಸೆಂಬರಿನಲ್ಲಿ ಸುಪೀರಿಯರ್ ಸರೋವರದಲ್ಲಿ ಚಳಿಗಾಲಕ್ಕೆಂದು ಬೋಯ್ ಎತ್ತುತ್ತಿತ್ತು. ಬಂಡೆಯ ಗುರುತಿಗಿದ್ದ ಬೋಯ್ ಎತ್ತಿ ಹೊರಟಾಗ ಅದೇ ಬಂಡೆಗೆ ಹತ್ತಿತು. ಅವತ್ತು ಅದರ ಸಿಬ್ಬಂದಿಯನ್ನು ಹತ್ತಿಸಿಕೊಂಡು ಕಾಪಾಡಿದ್ದು ಅಲ್ಲಿ ಹಾದುಹೋಗುತ್ತಿದ್ದ ಭಾರತದ ಸರಕು ಹಡಗು, ಮಂಗಲ್ ದೇಸಾಯಿ. ಎಲ್ಲರೂ ಉಳಿದರು. ಅಷ್ಟು ದೂರದ ಸಿಹಿನೀರಿನ ಸರೋವರದಲ್ಲಿ ನಮ್ಮ ದೇಶದ ಹಡಗು ಇದ್ದದ್ದೇ ಹುಡುಗರಿಗೆ ಆಶ್ಚರ್ಯ. ಇದನ್ನು ಹೇಳುವಾಗ ನನಗೆ ಹೆಮ್ಮೆ.

ನಾನು ಐರನ್‌ವುಡ್‌ನ ಸುದ್ದಿ ತಿಳಿದದ್ದು ಹಡಗಿನಲ್ಲಿ ಫಿಟ್ಟರ್ ಆಗಿದ್ದಾಗ. ಗೋಧಿ ತುಂಬಲು ಅಮೆರಿಕದ ಪಶ್ಚಿಮ ಕರಾವಳಿಯ ಕೊಲಂಬಿಯಾ ನದಿಗೆ ಹೋಗಿದ್ದೆವು. ಆ ನದಿಯ ಬಾಯಿಯ ಅಳಿವೆಗೆ ಪೆಸಿಫಿಕ್‌ನ ಸ್ಮಶಾನ ಎಂದೇ ಹೆಸರು. ನದಿಯ ರಭಸಕ್ಕೂ ಕಡಲಿನ ಅಲೆಗೂ ಅಲ್ಲಿ ಜಗಳ, ಎಷ್ಟೋ ಹಡಗುಗಳು ಅಲ್ಲೇ ಒಡೆದಿವೆ. ಅಳಿವೆ ದಾಟಿಸಲು ಒಬ್ಬ ಪೈಲಟ್, ಅಂದರೆ ಆ ನೀರಿನ ದಾರಿ ಬಲ್ಲವರು, ಆಮೇಲೆ ಅಸ್ಟೋರಿಯಾ ಊರಿನ ಮುಂದೆ ಅವರು ಇಳಿದು ನದಿಯ ಪೈಲಟ್ ಹತ್ತುತ್ತಾರೆ. ನಮ್ಮ ಸರದಿ ಬರುವ ತನಕ ಅಲ್ಲಿ ಲಂಗರು ಹಾಕಿದ್ದೆವು. ಸ್ವಲ್ಪ ಮೇಲ್ಗಡೆ ಟಂಗ್ ಪಾಯಿಂಟ್ ಎಂಬ ಜಾಗದ ದಕ್ಕೆಯಲ್ಲಿ ತಗ್ಗಾದ ಡೆಕ್ಕಿನ, ಬೂಮ್ ಇಟ್ಟ ಹಳೆಯ ಹಡಗೊಂದು ಕಾಣುತ್ತಿತ್ತು. ಎಳೆಯ ಹುಡುಗರು ಅದರ ಮೇಲೆ ಓಡಾಡುತ್ತಿದ್ದರು. ನಮ್ಮ ಚೀಫ್ ಎಂಜಿನಿಯರ್ ಸಾಹೇಬರಿಗೆ ಇಂಥದ್ದರಲ್ಲೆಲ್ಲ ಆಸಕ್ತಿ, ಅವರೇ ವಿವರ ಹೇಳಿದ್ದು. ಆಮೇಲೆ ನಾನೇ ಓದಿಕೊಂಡೆ.

ಟಂಗ್ ಪಾಯಿಂಟ್ ಮೊದಲು ನೌಕಾಪಡೆಯ ವಿಮಾನನೆಲೆ. ಅಮೆರಿಕ 1964ರಲ್ಲಿ ಬಡತನದ ವಿರುದ್ಧ ಕಾನೂನು ತಂದಾಗ ಜಾಬ್ ಕೋರ್ ಎಂಬ ಯೋಜನೆ ಶುರು ಮಾಡಿತು. ಕಡಿಮೆ ವರಮಾನದ ಮನೆಯ 16ರಿಂದ 24 ವರ್ಷದ ಮಕ್ಕಳಿಗೆ ಊಟ, ವಸತಿ, ಕಸುಬು ಎಲ್ಲ ಪುಕ್ಕಟೆ. ಟಂಗ್ ಪಾಯಿಂಟಿನಲ್ಲಿ ಅದರ ಒಂದು ಕೇಂದ್ರ, ಅಲ್ಲಿ ನಾವಿಕರ ಕೆಲಸಕ್ಕೇ ಒಂದು ವಿಭಾಗ. ಐರನ್‌ವುಡ್ ತನ್ನ ಕೊನೆಯ ವರ್ಷಗಳನ್ನು ಅಲಾಸ್ಕದ ಕೋಡಿಯಾಕ್‌ನಲ್ಲಿ ಕಳೆದು, 2000ದ ಅಕ್ಟೋಬರಿನಲ್ಲಿ ಕೋಸ್ಟ್ ಗಾರ್ಡಿನಿಂದ ಬಿಡುಗಡೆಯಾಗಿ ಇಲ್ಲಿಗೆ ಬಂತು. ಆ ಹೊತ್ತಿಗೆ ಹೊಸ ಜೂನಿಪರ್ ನಮೂನೆಯ 225 ಅಡಿಯ ಹಡಗುಗಳು ಬಂದಿದ್ದವು. ಅವು ಕಂಪ್ಯೂಟರಿನಿಂದ ತಾವಾಗಿಯೇ ಒಂದು ಜಾಗದಲ್ಲಿ ನಿಲ್ಲುತ್ತವೆ, ಜನವೂ ಕಡಿಮೆ ಸಾಕು.

ಇಂಥ ಹಳೆಯ ಹಡಗಿನಲ್ಲಿ ಕಲಿತವರು ಹೊಸ ಹಡಗಿಗೆ ಏನು ಉಪಯೋಗ ಎಂದು ನೀವು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಕಲಿಯಲು ಇದಕ್ಕಿಂತ ಒಳ್ಳೆಯ ಹಡಗಿಲ್ಲ. ಹೊಸ ಹಡಗಿನಲ್ಲಿ ಎಲ್ಲ ಪರದೆಯ ಹಿಂದೆ. ಬಟನ್ ಒತ್ತಿದರೆ ಕೆಲಸ ಆಗುತ್ತದೆ, ಯಾಕೆ ಆಯಿತೆಂದು ಕಾಣದು. ಹಳೆಯದರಲ್ಲಿ ಡೀಸೆಲ್ ಎಂಜಿನ್ ಬಿಚ್ಚಿದರೆ ಪಿಸ್ಟನ್ ಕಣ್ಣಿಗೆ ಕಾಣುತ್ತದೆ, ಜನರೇಟರಿನ ಬ್ರಷ್ ಸವೆದದ್ದು ಬೆರಳಿಗೆ ಸಿಗುತ್ತದೆ, ವಾಲ್ವ್ ಸೋರಿದರೆ ಶಬ್ದ ಕೇಳುತ್ತದೆ. ಹಳೆಯ ಹಡಗಿನಲ್ಲಿ ಏನಾದರೊಂದು ಕೆಡುತ್ತಲೇ ಇರುವುದರಿಂದ ಮೇಷ್ಟ್ರು ಸುಳ್ಳು ಕೆಲಸ ಹುಟ್ಟಿಸಬೇಕಾಗಿಲ್ಲ. ತುಕ್ಕು ಕೆರೆದು ಬಣ್ಣ ಬಳಿಯದಿದ್ದರೆ ನಿಜವಾಗಲೂ ತೂತು ಬೀಳುತ್ತದೆ. ಬೋಯ್ ಹಾಕುವ ಹಡಗಿನಲ್ಲಿ ಇನ್ನೂ ಒಂದು ಅನುಕೂಲ: ಬೂಮ್, ವಿಂಚ್, ಸರಪಳಿ, ಹಗ್ಗ, ಸ್ಟಾಪರ್ ಎಲ್ಲ ಒಂದೇ ಡೆಕ್ಕಿನಲ್ಲಿ. ಸರಕು ಹಡಗಿನಲ್ಲಿ ಚದುರಿಹೋಗಿರುವ ಡೆಕ್ ಕೆಲಸವನ್ನು ಇಲ್ಲಿ ಕೆಲವೇ ಹೆಜ್ಜೆಗಳೊಳಗೆ ತೋರಿಸಬಹುದು. ಭಾರ ಎತ್ತುವಾಗ ಹಡಗು ವಾಲುವುದನ್ನು ಕಾಲಿನಡಿಯಲ್ಲಿ ಅನುಭವಿಸಿದ ಹುಡುಗನಿಗೆ ಸ್ಥಿರತೆಯ ಪಾಠ ಬೋರ್ಡಿನ ಮೇಲೆ ಬರೆಯುವ ಮೊದಲೇ ಅರ್ಧ ಅರ್ಥವಾಗಿರುತ್ತದೆ.

ನಮ್ಮಲ್ಲೂ ಈ ಪರಂಪರೆ ಇತ್ತು. ಸೈನ್ಯ ಸಾಗಿಸುತ್ತಿದ್ದ ಡಫರಿನ್ ಹಡಗು 1927ರಲ್ಲಿ ಮುಂಬಯಿಯಲ್ಲಿ ಕೆಡೆಟ್‌ಗಳ ತರಬೇತಿ ಹಡಗಾಯಿತು. 1972ರಲ್ಲಿ ಅದರ ಜಾಗಕ್ಕೆ ರಾಜೇಂದ್ರ ಬಂತು, 1993ರಲ್ಲಿ ಅದೂ ಹೋಗಿ ನವಿ ಮುಂಬಯಿಯ ನೆಲದ ಮೇಲೆ ಚಾಣಕ್ಯ ಎಂಬ ಸಂಸ್ಥೆಯಾಯಿತು. ಹೆಸರಿನ ಹಿಂದೆ ಟಿ.ಎಸ್., ಅಂದರೆ ತರಬೇತಿ ಹಡಗು ಎನ್ನುವುದು ಉಳಿದಿದೆ. ಹಡಗು ಉಳಿದಿಲ್ಲ. 2008ರಲ್ಲಿ ಶುರುವಾದ ಭಾರತೀಯ ಸಾಗರ ವಿಶ್ವವಿದ್ಯಾಲಯ, ಸಿಮ್ಯುಲೇಟರ್‌ಗಳು, ಎಲ್ಲ ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಸಿಮ್ಯುಲೇಟರಿನಲ್ಲಿ ವಾಂತಿ ಬರುವುದಿಲ್ಲ, ಬೆರಳು ಜಜ್ಜುವುದಿಲ್ಲ, ಪಕ್ಕದವನು ದಣಿದಿದ್ದಾನೆಂದು ಅವನ ಹಗ್ಗ ನೀನು ಹಿಡಿಯುವ ಸಂದರ್ಭ ಬರುವುದಿಲ್ಲ.

ಮೊನ್ನೆ ಮೂಡಿಗೆರೆ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ತೋಟದಲ್ಲಿ ಕೂಲಿ, ಜೊತೆಗೆ ಒಂದಿಷ್ಟು ಗದ್ದೆ.

"ಸಾ, ಇವ್ನು ಹಡ್ಗಿಗೆ ಹೋಯ್ತೀನಿ ಅಂತ ಹಟ ಹಿಡ್ದವ್ನೆ. ಯಾರೋ ಏಜೆಂಟ್ರು ದುಡ್ಡು ಕಟ್ಟಿದ್ರೆ ಸೀದಾ ಕೆಲ್ಸ ಅಂದವ್ರೆ. ಗದ್ದೆ ಮಾರೋದಾ ಏನ್ಮಾಡೋದು ಹೇಳಿ."

"ಮಾರ್ಬೇಡಿ ಯಜಮಾನ್ರೆ" ಅಂದೆ. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ತೆಗೆದುಕೊಳ್ಳುವುದನ್ನು 2006ರ ಅಂತಾರಾಷ್ಟ್ರೀಯ ಸಾಗರ ಕಾರ್ಮಿಕ ಒಪ್ಪಂದವೇ ನಿಷೇಧಿಸಿದೆ, ನಮ್ಮ ದೇಶದ ನಿಯಮವೂ ಅದನ್ನೇ ಹೇಳುತ್ತದೆ. ಏಜೆಂಟನಿಗೆ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಲೈಸೆನ್ಸ್ ಇದೆಯಾ ಎಂದು ಹಡಗುಗಳ ಸರ್ಕಾರಿ ಇಲಾಖೆಯಾದ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ಅವರೆದುರೇ ನೋಡಿ ತೋರಿಸಿದೆ. ಇರಲಿಲ್ಲ. ಹತ್ತನೇ ತರಗತಿ ಪಾಸಾದವನಿಗೆ ಮಾನ್ಯತೆ ಇರುವ ಸಂಸ್ಥೆಯಲ್ಲಿ ಡೆಕ್ಕು, ಎಂಜಿನ್ ಎರಡರ ಕೆಲಸವನ್ನೂ ಕಲಿಸುವ ಆರು ತಿಂಗಳ ಜಿ.ಪಿ. ರೇಟಿಂಗ್ ಕೋರ್ಸ್ ಇದೆ, ಆಮೇಲೆ ಸಿಡಿಸಿ, ಅದೇ ನಾವಿಕನ ಗುರುತಿನ ಪುಸ್ತಕ, ಎಂದು ಬರೆದುಕೊಟ್ಟೆ. ಕೋರ್ಸಿನ ಫೀಜು ಹೇಳಿದಾಗ ಅಪ್ಪನ ಮುಖ ಇಳಿಯಿತು. ಲೈಸೆನ್ಸ್ ಇಲ್ಲದ ಏಜೆಂಟರು ಬದುಕುವುದು ಆ ಇಳಿದ ಮುಖಗಳಿಂದ. ಹುಡುಗನನ್ನು ಕೇಳಿದೆ, ಈಜು ಬರುತ್ತಾ ಎಂದು. "ಹೊಳೇಲಿ ಬತ್ತದೆ ಸಾ" ಅಂದ. ಕೈ ನೋಡಿದೆ. ಕೆಲಸ ಮಾಡಿದ ಕೈ.

ಇಂಥವರಿಗಾಗಿ ಒಂದು ಹಡಗು ಬೇಕು ಎನ್ನುವುದು ನನ್ನ ಕೋರಿಕೆ. ನಮ್ಮ ದೀಪಸ್ತಂಭ ಇಲಾಖೆಗೂ ಬೋಯ್ ಕೆಲಸದ ಹಡಗುಗಳಿವೆ, ಸಾಗರದೀಪ ಎಂಬ ಹೆಸರು ಅದರಲ್ಲಿ ಪ್ರಸಿದ್ಧ. ಕೋಸ್ಟ್ ಗಾರ್ಡಿನ ಹಡಗುಗಳು, ಬಂದರುಗಳಲ್ಲಿ ಹಡಗು ಎಳೆಯುವ ಟಗ್ಗುಗಳು, ಹೂಳೆತ್ತುವ ಹಡಗುಗಳು ಇವೆ. ಅವುಗಳಲ್ಲಿ ಒಂದು ಸೇವೆ ಮುಗಿಸಿದಾಗ ಗುಜರಿಯವರಿಗೆ ಕೊಡುವ ಮೊದಲು, ಮಂಗಳೂರಿನ ದಕ್ಕೆಯಲ್ಲಿ ಕಟ್ಟಿ ಒಳನಾಡಿನ ಜಿಲ್ಲೆಗಳ ಐಟಿಐ ಮಕ್ಕಳಿಗೆ ಬಿಟ್ಟುಕೊಡಿ. ಹಾಸನದಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತಾರೆ. ಓಡದಿದ್ದರೂ ಪರವಾಗಿಲ್ಲ, ಎಂಜಿನ್ ಒಂದು ತಿರುಗಿದರೆ ಸಾಕು. ಊಟ, ವಸತಿ, ಪಾಠಕ್ಕೆ ದುಡ್ಡು ಕೇಳಬಾರದು. ನಾನೇ ಹೋಗಿ ನಿಲ್ಲುತ್ತೇನೆ, ನನ್ನಂತೆ ಕಡಲು ಬಿಟ್ಟು ಬಂದ ಫಿಟ್ಟರ್‌ಗಳು, ಡೆಕ್ ಕೆಲಸದ ಮೇಸ್ತ್ರಿಗಳಾದ ಬೋಸನ್‌ಗಳು ಘಟ್ಟದ ಮೇಲೂ ಕೆಳಗೂ ಬೇಕಾದಷ್ಟು ಜನ ಇದ್ದಾರೆ, ಕರೆದರೆ ಬರುತ್ತಾರೆ.

ಮೊದಲ ವಾರ ನಾನು ಎಂಜಿನ್ ಮುಟ್ಟಿಸುವುದಿಲ್ಲ. ಬೆಳಿಗ್ಗೆ ತುಕ್ಕು ಕೆರೆಯುವುದು, ಮಧ್ಯಾಹ್ನ ಗಂಟು ಕಟ್ಟುವುದು, ಸಂಜೆ ಲೈಫ್ ಜಾಕೆಟ್ ಹಾಕಿ ನೀರಿಗೆ ಹಾರುವುದು. ಎರಡನೇ ವಾರ ಒಂದು ಹಳೆಯ ಸರಪಳಿ ತರಿಸಿ ಎಲ್ಲರ ಕೈಗೂ ಕ್ಯಾಲಿಪರ್ ಕೊಟ್ಟು ಸವೆದ ಕೊಂಡಿ ಹುಡುಕಿಸುತ್ತೇನೆ. ಮೂಡಿಗೆರೆಯ ಆ ಹುಡುಗ ಅರ್ಜಿ ಹಾಕಲಿ ಎಂದು ಅವನ ನಂಬರ್ ಬರೆದಿಟ್ಟುಕೊಂಡಿದ್ದೇನೆ.